ಆಕಾಶದ ಲೆಕ್ಕ, ನೆಲದ ತಾಳೆ

ಮೇ ತಿಂಗಳ ನಡುಮಧ್ಯಾಹ್ನ ಕಲಬುರಗಿಯ ರೋಜಾ ಭಾಗದ ಮಾಳಿಗೆಗಳ ಮೇಲೆ ಮನುಷ್ಯರು ಕಾಣುವುದಿಲ್ಲ. ಒಣಹಾಕಿದ ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ ಮಾತ್ರ ಬಿಸಿಲಿಗೆ ಬಿದ್ದಿರುತ್ತವೆ. ಮೇ 9ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 3ರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ಸರಿಯಾಗಿ ಈ ಊರಿನ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಮಾಯವಾಗುತ್ತದೆ. ಆ ಹೊತ್ತಿಗೆ ಮೊಬೈಲಿನಲ್ಲಿ ಹವಾಮಾನದ ಪುಟ ತೆರೆದರೆ ‘ಯುವಿ ಸೂಚ್ಯಂಕ’ ಎಂಬಲ್ಲಿ 12ರ ಆಚೀಚಿನ ಒಂದು ಅಂಕಿ ಕಾಣುತ್ತದೆ. 11 ಮತ್ತು ಅದನ್ನು ದಾಟಿದ್ದನ್ನೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಕೊನೆಯ, ಅತಿ ತೀವ್ರ ವರ್ಗಕ್ಕೆ ಹಾಕಿದೆ. ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ರಸ್ತೆ ಕೆಲಸದವರಿಗೆ, ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಈ ಅಂಕಿ ಚರ್ಮದ ಮಾತು, ಕಣ್ಣಿನ ಮಾತು. ಕಣ್ಣಿಗೆ ಪೊರೆ ಬರುವುದಕ್ಕೆ ನೇರಳಾತೀತ ಕಿರಣವೂ ಒಂದು ಕಾರಣ.

ರೋಜಾದ ಯಾವ ಮಾಳಿಗೆಯ ಮೇಲೂ ಯಾರೂ ಅಳೆಯದ ಈ ಅಂಕಿ ಎಲ್ಲಿಂದ ಬಂತು? ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವೊಂದು ನಮ್ಮ ತಲೆಯ ಮೇಲೆ ಎಷ್ಟು ಓಝೋನ್ ಇದೆ ಎಂದು ನೋಡಿದೆ. ಆ ಲೆಕ್ಕಕ್ಕೆ ಸೂರ್ಯನ ಎತ್ತರ, ಮೋಡದ ಅಂದಾಜು ಸೇರಿಸಿ ಎಲ್ಲೋ ಒಂದು ಕಂಪ್ಯೂಟರ್ ಸೂಚ್ಯಂಕವನ್ನು ಕಟ್ಟಿದೆ. ಓಝೋನಿನಲ್ಲಿ ಪ್ರತಿಶತ 1ರಷ್ಟು ಕಡಿಮೆಯಾದರೆ ಚರ್ಮ ಕೆಂಪಾಗಿಸುವ ಕಿರಣ ಪ್ರತಿಶತ 1ಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಹಾಗಾಗಿ ಉಪಗ್ರಹದ ಕಣ್ಣು ಎಷ್ಟು ತಪ್ಪಿತೋ ಅಷ್ಟೇ ತಪ್ಪು ನಮ್ಮ ಅಂಗೈಯ ಪರದೆಯ ಮೇಲೂ ಇಳಿಯುತ್ತದೆ.

ನೆಹರೂ ಗಂಜಿನಲ್ಲಿ ತೊಗರಿ ತೂಗುವ ಕಾಟಾವನ್ನು ರೈತ ಸುಮ್ಮನೆ ನಂಬುವುದಿಲ್ಲ. ತೂಕ ಮತ್ತು ಅಳತೆ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಬಂದು, ತಾವು ತಂದ ಕಲ್ಲಿಟ್ಟು ತೂಗಿ ನೋಡಿ ಮುದ್ರೆ ಹಾಕಿರಬೇಕು. ಆ ಇಲಾಖೆಯ ಕಲ್ಲನ್ನೂ ಮೇಲಿನ ಇನ್ನೊಂದು ಕಲ್ಲಿಗೆ ಹೋಲಿಸಿ ನೋಡಿರುತ್ತಾರೆ. ಆಕಾಶದಲ್ಲಿರುವ ಕಾಟಾಕ್ಕೆ ಮುದ್ರೆ ಹಾಕುವವರು ಯಾರು, ಅವರ ಕಲ್ಲು ಎಲ್ಲಿದೆ? ಈ ಪ್ರಶ್ನೆಯ ಹಿಂದೆ ಹೊರಟರೆ ಕೊಡೈಕೆನಾಲ್, ಹವಾಯಿ, ಅಂಟಾರ್ಕ್ಟಿಕಾಗಳನ್ನು ಹಾದು, ಕೊನೆಗೆ ನಮ್ಮ ಕಮಲಾಪುರದ ರಸ್ತೆಗೇ ಬಂದು ನಿಲ್ಲುತ್ತೇವೆ.

ಮೊದಲು ಉಪಗ್ರಹ ಹೇಗೆ ನೋಡುತ್ತದೆ ಎಂಬುದನ್ನು ತಿಳಿಯಬೇಕು. ಸೂರ್ಯನ ಬೆಳಕು ಭೂಮಿಯ ಗಾಳಿಗೆ ಬಡಿದು ಒಂದಷ್ಟು ಮೇಲಕ್ಕೇ ಚದುರುತ್ತದೆ. ಚದುರಿ ಬಂದ ಆ ಬೆಳಕಿನ ನೇರಳಾತೀತ ಭಾಗವನ್ನು ಉಪಗ್ರಹ ಅಳೆಯುತ್ತದೆ. ಓಝೋನ್ ಈ ಕಿರಣಗಳನ್ನು ಹೀರುತ್ತದೆ, ಆದರೆ ಎಲ್ಲವನ್ನೂ ಒಂದೇ ಸಮ ಹೀರುವುದಿಲ್ಲ. 250 ನ್ಯಾನೋಮೀಟರ್ ಆಸುಪಾಸಿನ ಕಿರಣ ಸುಮಾರು 50 ಕಿಲೋಮೀಟರ್ ಎತ್ತರದಿಂದ ಕೆಳಗೆ ಇಳಿಯುವುದೇ ಕಷ್ಟ. ಹಿಂದಿರುಗಿ ಬಂದ ಅದರ ಬೆಳಕೆಲ್ಲ ಅಲ್ಲಿಂದಲೇ ಬಂದದ್ದು. 300ರ ಹತ್ತಿರದ ಕಿರಣ ಇನ್ನೂ ಕೆಳಗಿಳಿದು ತಿರುಗುತ್ತದೆ. 330–340ರ ಕಿರಣ ನೆಲದವರೆಗೂ ಬಂದು ಹೋಗುತ್ತದೆ. ಹೀಗೆ ಒಂದೊಂದು ಕಿರಣ ಒಂದೊಂದು ಎತ್ತರದ ಸುದ್ದಿ ತರುವುದರಿಂದ, ಯಾವ ಎತ್ತರದಲ್ಲಿ ಎಷ್ಟು ಓಝೋನ್ ಎಂದು ಬಿಡಿಸಿ ಹೇಳಲು ಬರುತ್ತದೆ. 1970ರಲ್ಲಿ ಹಾರಿದ ನಿಂಬಸ್-4 ಉಪಗ್ರಹದಲ್ಲಿ ಈ ಬಗೆಯ ಉಪಕರಣವಿತ್ತು. 1978ರ ಅಕ್ಟೋಬರ್ 24ರಂದು ಹೋದ ನಿಂಬಸ್-7ರಲ್ಲಿ ಎರಡಿದ್ದವು. ಎತ್ತರವಾರು ಓಝೋನ್ ಅಳೆಯುವ ಎಸ್‌ಬಿಯುವಿ ಒಂದು, ಇಡೀ ಭೂಮಿಯ ಒಟ್ಟು ಓಝೋನಿನ ನಕಾಶೆ ಬಿಡಿಸುವ ಟಾಮ್ಸ್ ಇನ್ನೊಂದು.

ತೊಡಕಿದ್ದದ್ದು ಹೋಲಿಕೆಯಲ್ಲಿ. ಭೂಮಿಯಿಂದ ಚದುರಿ ಬಂದ ಬೆಳಕು ಕಡಿಮೆಯೋ ಹೆಚ್ಚೋ ಎನ್ನಬೇಕಾದರೆ ಸೂರ್ಯನಿಂದ ನೇರ ಬಂದ ಬೆಳಕೂ ಗೊತ್ತಿರಬೇಕು. ಸೂರ್ಯನನ್ನು ನೇರ ನೋಡಿದರೆ ಉಪಕರಣದ ಕಣ್ಣು ತಡೆಯುವುದಿಲ್ಲ. ಅದಕ್ಕೆಂದೇ ತರಿತರಿಯಾದ ಅಲ್ಯೂಮಿನಿಯಂ ಫಲಕವೊಂದನ್ನು ಆಗಾಗ ಹೊರಚಾಚಿ, ಅದರ ಮೇಲೆ ಬಿದ್ದು ಚದುರಿದ ಬಿಸಿಲನ್ನು ಅಳೆಯುತ್ತಿದ್ದರು. ನಿಂಬಸ್-7ರ ಎರಡೂ ಉಪಕರಣಗಳಿಗೆ ಇದ್ದದ್ದು ಇದೊಂದೇ ಫಲಕ. ಬಿಸಿಲಿಗೆ ಒಡ್ಡಿದಷ್ಟೂ ಫಲಕ ಮಂಕಾಗುತ್ತ ಬಂತು. ಉಪಗ್ರಹದ ಒಳಗಿನ ಅಂಟು, ಪ್ಲಾಸ್ಟಿಕ್ ಮುಂತಾದವುಗಳಿಂದ ಹೊರಬಿದ್ದ ಆವಿ ಇಂಥ ಮೇಲ್ಮೈಗಳ ಮೇಲೆ ತೆಳುವಾಗಿ ಕೂರುತ್ತದೆ, ನೇರಳಾತೀತ ಕಿರಣ ಅದನ್ನು ಸುಟ್ಟು ಗಟ್ಟಿ ಮಾಡುತ್ತದೆ. ನೇರಳಾತೀತದಲ್ಲಿ ಕೆಲಸ ಮಾಡುವ ಯಾವ ಉಪಕರಣಕ್ಕೂ ಈ ಕಾಟ ತಪ್ಪಿದ್ದಲ್ಲ. ಫಲಕ ಎಷ್ಟು ಮಂಕಾಗುತ್ತಿದೆ ಎಂಬ ಲೆಕ್ಕವನ್ನು ವಿಜ್ಞಾನಿಗಳು ಹಾಕುತ್ತಲೇ ಇದ್ದರು. ಆದರೂ 1980ರ ದಶಕದ ನಡುವಿನ ಹೊತ್ತಿಗೆ ಉಪಗ್ರಹದ ದಾಖಲೆ, ಜಗತ್ತಿನಾದ್ಯಂತ, ಅದರಲ್ಲೂ ಓಝೋನ್ ನೆಲೆಸಿರುವ ಪದರವಾದ ಸ್ತರಗೋಳದ ಮೇಲ್ಭಾಗದಲ್ಲಿ, ಓಝೋನ್ ವಿಪರೀತ ವೇಗದಲ್ಲಿ ಕುಸಿಯುತ್ತಿದೆ ಎಂದು ಹೇಳತೊಡಗಿತು.

ಕುಸಿತ ನಿಜವೋ, ಫಲಕದ ಮಂಕೋ? ರೆಫ್ರಿಜರೇಟರ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುವ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳನ್ನು ನಿಲ್ಲಿಸಬೇಕೆಂದು ದೇಶಗಳು ಜಗ್ಗಾಡುತ್ತಿದ್ದ ಕಾಲ ಅದು. ಸುಳ್ಳು ಕುಸಿತವನ್ನು ನಂಬಿಸಿ ಆಮೇಲೆ ಬಯಲಾದರೆ ನಿಜವಾದ ಅಪಾಯವನ್ನೂ ಯಾರೂ ನಂಬುತ್ತಿರಲಿಲ್ಲ. ರಾಬರ್ಟ್ ವಾಟ್ಸನ್ ಮುಂದಾಳುತನದಲ್ಲಿ ಕೂತ ಓಝೋನ್ ಟ್ರೆಂಡ್ಸ್ ಪ್ಯಾನಲ್ ಇದನ್ನು ಬಿಡಿಸಲು ಹಿಡಿದ ದಾರಿ ನೆಲದ್ದು. ನೆಲದ ಮೇಲೆ ನಿಂತು ಓಝೋನ್ ಅಳೆಯುವ ಡಾಬ್ಸನ್ ಉಪಕರಣಗಳ ದಶಕಗಳ ದಾಖಲೆಯನ್ನು ಕೇಂದ್ರ ಕೇಂದ್ರವಾಗಿ ಮರುಪರಿಶೀಲಿಸಿ, ಉಪಗ್ರಹ ಅದೇ ಜಾಗವನ್ನು ಹಾದಾಗ ಹೇಳಿದ ಅಂಕಿಯ ಪಕ್ಕ ಇಟ್ಟರು. ಸೂರ್ಯೋದಯ–ಸೂರ್ಯಾಸ್ತದ ಕಿರಣವನ್ನು ಗಾಳಿಯ ಅಂಚಿನ ಮೂಲಕ ನೋಡುವ ಸೇಜ್ ಎಂಬ ಬೇರೆ ಉಪಗ್ರಹ ಉಪಕರಣವನ್ನೂ ಸಾಕ್ಷಿಗೆ ಕರೆದರು. 1988ರ ಮಾರ್ಚಿನಲ್ಲಿ ಹೊರಬಂದ ತೀರ್ಮಾನದ ಪ್ರಕಾರ ದೊಡ್ಡ ಕುಸಿತದ ಬಹುಪಾಲು ಫಲಕದ ದೋಷ. ಅದನ್ನು ಕಳೆದ ಮೇಲೂ ಉಳಿದ ಕುಸಿತ ನಿಜ: ಉತ್ತರಾರ್ಧಗೋಳದ 30ರಿಂದ 64 ಡಿಗ್ರಿ ಅಕ್ಷಾಂಶಗಳ ನಡುವೆ 1969ರಿಂದ 1986ರೊಳಗೆ ಪ್ರತಿಶತ 1.7ರಿಂದ 3.0. ನನ್ನ ಪಾಲಿಗೆ ಈ ಸಣ್ಣ ಅಂಕಿ ಇಡೀ ಓಝೋನ್ ಕಥೆಯ ಅತ್ಯಂತ ಪ್ರಾಮಾಣಿಕ ಅಂಕಿ. ಹೆದರಿಸುವ ದೊಡ್ಡ ಅಂಕಿ ಕೈಯಲ್ಲಿದ್ದಾಗಲೂ ಅದನ್ನು ಒರೆಗೆ ಹಚ್ಚಿ, ಸವೆದು ಉಳಿದಷ್ಟನ್ನೇ ಜಗತ್ತಿನ ಮುಂದಿಟ್ಟರು.

ನೆಲದ ಸಾಕ್ಷಿ ಯಾವಾಗಲೂ ಸತ್ಯ, ಮೇಲಿನದು ಯಾವಾಗಲೂ ಅನುಮಾನ ಎಂದೂ ತಿಳಿಯಬಾರದು. ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ: ನಾಸಾದ ಕಂಪ್ಯೂಟರ್ ಕಡಿಮೆ ಅಂಕಿಗಳನ್ನು ಕಸವೆಂದು ಎಸೆದುಬಿಟ್ಟಿತು, ಹ್ಯಾಲಿ ಬೇಯ ಬ್ರಿಟಿಷರು ಹಳೆಯ ಉಪಕರಣದಿಂದ ಅದನ್ನು ಹಿಡಿದರು ಎಂಬುದು. ಎರಡನೆಯ ಮಾತು ನಿಜ. ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್, ಜೋನಾಥನ್ ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮೊದಲ ಮಾತು ಪೂರ್ತಿ ನಿಜವಲ್ಲ. ಓಝೋನ್ ಅಳತೆಯ ಡಾಬ್ಸನ್ ಮಾನದಲ್ಲಿ 180ಕ್ಕಿಂತ ಕೆಳಗಿನ ಅಂಕಿಗಳಿಗೆ ನಾಸಾದ ಕಂಪ್ಯೂಟರ್ ಅನುಮಾನದ ಗುರುತು ಹಾಕುತ್ತಿತ್ತು, ಎಸೆಯುತ್ತಿರಲಿಲ್ಲ. ಆ ಗುರುತಿನ ರಾಶಿಯನ್ನು ಕಂಡ ವಿಜ್ಞಾನಿಗಳು ದಕ್ಷಿಣ ಧ್ರುವದ ಡಾಬ್ಸನ್ ಕೇಂದ್ರದ ಅಂಕಿಯೊಂದಿಗೆ ತಾಳೆ ನೋಡಿದರು. ಅಲ್ಲಿನದು ಸುಮಾರು 300 ಎನ್ನುತ್ತಿತ್ತು. ಹಾಗಾದರೆ ಉಪಗ್ರಹವೇ ತಪ್ಪಿತೇ ಎಂಬ ಗೊಂದಲ. ಧ್ರುವದ ಆ ಅಂಕಿಗಳೇ ತಪ್ಪಾಗಿದ್ದವು ಎಂಬುದು ಆಮೇಲೆ ಗೊತ್ತಾಯಿತು. 1985ರ ಆಗಸ್ಟಿನಲ್ಲಿ ಪ್ರಾಗ್ ನಗರದ ಸಭೆಯಲ್ಲಿ ರಂಧ್ರದ ಉಪಗ್ರಹ ನಕಾಶೆಯನ್ನು ಜಗತ್ತಿಗೆ ತೋರಿಸಿದವರು ನಾಸಾ ತಂಡದಲ್ಲಿದ್ದ ಭಾರತ ಮೂಲದ ಪವನ್ ಕೆ. ಭಾರ್ತಿಯಾ. ಕಲ್ಲಿಗೂ ಕಲ್ಲು ಬೇಕು ಎಂಬುದನ್ನು ಆ ತಂಡ ಕಷ್ಟಪಟ್ಟು ಕಲಿತಿತ್ತು.

ಡಾಬ್ಸನ್ ಉಪಕರಣ ಆಕ್ಸ್‌ಫರ್ಡಿನ ಜಿ. ಎಂ. ಬಿ. ಡಾಬ್ಸನ್ 1920ರ ದಶಕದಲ್ಲಿ ಕಟ್ಟಿದ್ದು. ಓಝೋನ್ ಹೆಚ್ಚು ಹೀರುವ ಒಂದು ಕಿರಣ, ಕಡಿಮೆ ಹೀರುವ ಇನ್ನೊಂದು. ಉದಾಹರಣೆಗೆ 305.5 ಮತ್ತು 325 ನ್ಯಾನೋಮೀಟರ್. ಎರಡರ ಅನುಪಾತ ನೋಡಿದರೆ ದಾರಿಯಲ್ಲಿ ಎಷ್ಟು ಓಝೋನ್ ಅಡ್ಡ ಬಂತೆಂದು ತಿಳಿಯುತ್ತದೆ. ತಲೆಯ ಮೇಲಿನ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ, ಸೊನ್ನೆ ಡಿಗ್ರಿ ಉಷ್ಣಕ್ಕೆ ತಂದು ಹಾಸಿದರೆ 3 ಮಿಲಿಮೀಟರ್ ದಪ್ಪವಾದರೆ ಅದು 300 ಡಾಬ್ಸನ್ ಮಾನ. ನಮ್ಮ ಉಷ್ಣವಲಯದ ಮೇಲೆ ಸಾಮಾನ್ಯವಾಗಿ 250ರಿಂದ 280. ಇಲ್ಲಿನ ಸೂರ್ಯ ಉರಿಯುವುದಕ್ಕೆ ಇದೂ ಒಂದು ಕಾರಣ. ವಿಚಿತ್ರವೆಂದರೆ ಓಝೋನ್ ಹೆಚ್ಚಾಗಿ ಹುಟ್ಟುವುದು ನಮ್ಮ ನೆತ್ತಿಯ ಮೇಲೆಯೇ. ಸ್ತರಗೋಳದ ನಿಧಾನ ಗಾಳಿ ಅದನ್ನು ಧ್ರುವಗಳ ಕಡೆಗೆ ಒಯ್ಯುತ್ತದೆ.

ಈ ವಿಷಯ ಅರಿವಿಗೆ ಬಂದದ್ದರಲ್ಲಿ ದಕ್ಷಿಣ ಭಾರತದ ಪಾಲಿದೆ. 1928–29ರಲ್ಲಿ ಡಾಬ್ಸನ್ ತಮ್ಮ ಮೊದಲ ಕೆಲವು ಉಪಕರಣಗಳನ್ನು ಯುರೋಪಿನಿಂದ ಕಳಚಿ ದೂರದೂರಕ್ಕೆ ಕಳಿಸಿದಾಗ ಒಂದು ಕೊಡೈಕೆನಾಲಿನ ಸೌರ ವೀಕ್ಷಣಾಲಯಕ್ಕೆ ಬಂತು. ಉಷ್ಣವಲಯದಲ್ಲಿ ಓಝೋನ್ ತೆಳು ಎಂಬುದು ಅಲ್ಲಿಯ ಅಳತೆಯಿಂದ ಕಂಡಿತು. ಇಂದು ಆ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೈಯಲ್ಲಿದೆ. ಕೆ. ಆರ್. ರಾಮನಾಥನ್ ಮತ್ತು ಅವರ ಜೊತೆಗಾರರು ಪುಣೆಯಲ್ಲಿ, ಅಹಮದಾಬಾದಿನಲ್ಲಿ ಈ ಕೆಲಸವನ್ನು ದಶಕಗಳ ಕಾಲ ನಡೆಸಿದರು. ಭಾರತೀಯ ಹವಾಮಾನ ಇಲಾಖೆ ತನ್ನದೇ ಓಝೋನ್ ಕೇಂದ್ರಗಳನ್ನು ಕಟ್ಟಿತು.

ಡಾಬ್ಸನ್ ಉಪಕರಣಗಳಿಗೆಲ್ಲ ತಾಯಿಕಲ್ಲು 83ನೇ ಸಂಖ್ಯೆಯದ್ದು. ಅದನ್ನು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟಕ್ಕೆ, 3,400 ಮೀಟರ್ ಎತ್ತರಕ್ಕೆ ಒಯ್ದು ಸರಿನೋಡುತ್ತಾರೆ. ಬೆಳಗ್ಗೆ ಸೂರ್ಯ ಕೆಳಗಿರುವಾಗ ಕಿರಣ ಹೆಚ್ಚು ಗಾಳಿಯನ್ನು ದಾಟಿ ಬರುತ್ತದೆ, ಮಧ್ಯಾಹ್ನ ಕಡಿಮೆ. ದಾಟಿದ ಗಾಳಿ ಎಷ್ಟು, ಬಂದ ಬೆಳಕು ಎಷ್ಟು ಎಂದು ಗೆರೆ ಎಳೆಯುತ್ತ ಹೋಗಿ, ಆ ಗೆರೆಯನ್ನು ಸೊನ್ನೆ ಗಾಳಿಯವರೆಗೆ ಹಿಂದಕ್ಕೆ ಎಳೆದರೆ ಗಾಳಿಯೇ ಇಲ್ಲದಿದ್ದರೆ ಉಪಕರಣ ಎಷ್ಟು ತೋರಿಸುತ್ತಿತ್ತೆಂದು ಸಿಗುತ್ತದೆ. ನೆಲದ ಮೇಲೆ ನಿಂತೇ ಆಕಾಶದ ಆಚೆಯ ಸೂರ್ಯನನ್ನು ಅಳೆಯುವ ಈ ಉಪಾಯಕ್ಕೆ ಲ್ಯಾಂಗ್ಲಿ ವಿಧಾನ ಎನ್ನುತ್ತಾರೆ. ಗಾಳಿ ಅರ್ಧ ದಿನವಿಡೀ ಅಲುಗದಂತೆ ಇರಬೇಕು, ಧೂಳಿರಬಾರದು, ಅದಕ್ಕೇ ಬೆಟ್ಟ.

ಹಾಗಿದ್ದರೂ ಕೇವಲ ಡಾಬ್ಸನ್ ಉಪಕರಣದ ಸಾಕ್ಷಿಯಿಂದ 40–50 ಕಿಲೋಮೀಟರ್ ಎತ್ತರದ ಓಝೋನನ್ನು ನಿಖರವಾಗಿ ಒರೆಗೆ ಹಚ್ಚಲಾಗದು. ಆ ಎತ್ತರಕ್ಕೇ ಹೋಗಿ ಅಳೆಯಲು ರಾಕೆಟ್ ಬೇಕು. ತಿರುವನಂತಪುರದ ಹತ್ತಿರದ ತುಂಬಾದಿಂದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಬಿ. ಎಚ್. ಸುಬ್ಬರಾಯ, ಶ್ಯಾಮ್ ಲಾಲ್ ಮುಂತಾದವರು ನೇರಳಾತೀತ ಬೆಳಕು ಅಳೆಯುವ ಪುಟ್ಟ ಉಪಕರಣಗಳನ್ನು ರಾಕೆಟ್ಟಿನಲ್ಲಿ ಹಾರಿಸಿ, ಸ್ತರಗೋಳ ಮತ್ತು ಅದರ ಮೇಲಿನ ಪದರದ ಓಝೋನನ್ನು ಅಲ್ಲೇ ಹೋಗಿ ಅಳೆದರು. ಅಮೆರಿಕದವರು ಇನ್ನೊಂದು ದಾರಿ ಹಿಡಿದರು. ಉಪಗ್ರಹದಲ್ಲಿರುವ ಉಪಕರಣದಂಥದ್ದನ್ನೇ ಬಾಹ್ಯಾಕಾಶ ನೌಕೆಯಲ್ಲಿಟ್ಟು ಮೇಲೆ ಒಯ್ಯುವುದು, ಉಪಗ್ರಹ ನೋಡಿದ ಜಾಗವನ್ನೇ ಹತ್ತಿರದ ಹೊತ್ತಿನಲ್ಲಿ ನೋಡುವುದು, ಆಮೇಲೆ ಕೆಳಗಿಳಿಸಿ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸುವುದು. 1989ರ ಅಕ್ಟೋಬರಿನಿಂದ 1996ರ ಜನವರಿಯವರೆಗೆ ಆ ಪೆಟ್ಟಿಗೆ ಎಂಟು ಸಲ ಹೋಗಿ ಬಂತು. ಕಕ್ಷೆಯಲ್ಲಿ ಮುದಿಯಾಗುತ್ತಿರುವ ಉಪಕರಣವನ್ನು ಮುಟ್ಟಲು ಬಾರದಿದ್ದಾಗ, ಅದರ ತಮ್ಮನನ್ನು ಕಳಿಸಿ ಕೇಳಿಸಿದಂಥ ಕೆಲಸ. 1991ರಲ್ಲಿ ಸೋವಿಯತ್ ರಷ್ಯಾದ ಮೀಟಿಯರ್-3ರಲ್ಲಿ ಹಾರಿದ ಟಾಮ್ಸ್‌ಗೆ ಮೂರು ಫಲಕಗಳಿದ್ದವು. ಒಂದು ಸದಾ ಬಳಸಲು, ಒಂದು ಆಗಾಗ, ಮೂರನೆಯದು ಅಪರೂಪಕ್ಕೆ ಮಾತ್ರ ಬಿಸಿಲು ಕಾಣುವಂಥದ್ದು. ಮೊದಲೆರಡು ಎಷ್ಟು ಮಂಕಾದವೆಂದು ಮೂರನೆಯದು ಹೇಳುತ್ತಿತ್ತು.

ಈಗ ನಮ್ಮ ಕಡೆಗೆ ಬರೋಣ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಯ ಕಮಲಾಪುರ ಸಿಗುತ್ತದೆ. ಅದನ್ನು ದಾಟಿ ಕಿಣ್ಣಿಸಡಕ್ ಮೇಲೆ ಹಾದು ಬೀದರ್ ಜಿಲ್ಲೆಗೆ ಹೊಕ್ಕರೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಚಾಲುಕ್ಯ ದೇವಾಲಯಕ್ಕೆ ಹೆಸರಾದ ಊರು. 2025ರ ಜನವರಿ 18ರ ಶನಿವಾರ ಬೆಳಗ್ಗೆ ಆ ಊರಿನ ಮನೆಯೊಂದರ ಮೇಲೆ ಭಾರೀ ಬಲೂನು, ಅದಕ್ಕೆ ಕಟ್ಟಿದ ಯಂತ್ರ ಬಿದ್ದವು. ಕೆಂಪು ದೀಪ ಮಿನುಗುತ್ತಿತ್ತು. ಜನ ಗಾಬರಿಯಾದರು. ಜೊತೆಗಿದ್ದ ಪತ್ರ ಓದಿದ ಮೇಲೆ ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದ್ದು ಎಂದು ತಿಳಿಯಿತು. ಸುದ್ದಿವಾಹಿನಿಗಳು ಒಂದು ದಿನ ಅದನ್ನು ತೋರಿಸಿ ಬಿಟ್ಟುಬಿಟ್ಟವು. ಅಂಥ ಬಲೂನುಗಳು ಏಕೆ ಹಾರುತ್ತವೆ, ನಮ್ಮ ಕಡೆಗೇ ಏಕೆ ಇಳಿಯುತ್ತವೆ ಎಂದು ಹೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಹೈದರಾಬಾದಿನ ಈ ಕೇಂದ್ರ 1969ರಿಂದ ನಡೆಯುತ್ತಿದೆ. ಪಾಲಿಥಿನ್ ಹಾಳೆಯ 50ರಿಂದ 85 ಮೀಟರ್ ಅಗಲದ ಬಲೂನಿಗೆ ಹೈಡ್ರೋಜನ್ ತುಂಬಿ, ಉಪಕರಣ ಕಟ್ಟಿ, 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಬಿಡುತ್ತಾರೆ. ಉಷ್ಣವಲಯದಲ್ಲಿ ಈ ಕೆಲಸ ಬೇರೆಡೆಗಿಂತ ಕಷ್ಟ. 16–17 ಕಿಲೋಮೀಟರ್ ಎತ್ತರದಲ್ಲಿ ಇಲ್ಲಿನ ಗಾಳಿ ಮೈನಸ್ 80 ಡಿಗ್ರಿಗೂ ಇಳಿಯುತ್ತದೆ, ಸಾಧಾರಣ ಪಾಲಿಥಿನ್ ಅಲ್ಲಿ ಗಾಜಿನಂತೆ ಸೀಳುತ್ತದೆ. ಆ ಚಳಿ ತಡೆಯುವ ಹಾಳೆಯನ್ನು ಈ ಕೇಂದ್ರದವರೇ ರೂಪಿಸಿಕೊಂಡರು. ಕೆಲಸ ಮುಗಿದ ಮೇಲೆ ಉಪಕರಣ ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಎತ್ತರಕ್ಕೆ ತಕ್ಕಂತೆ ಗಾಳಿ ದಿಕ್ಕು ಬದಲಿಸುವುದರಿಂದ ಇಳಿಯುವ ಜಾಗ ವಿಶಾಖಪಟ್ಟಣ–ಹೈದರಾಬಾದ್–ಸೊಲ್ಲಾಪುರ ಗೆರೆಯ ಮೇಲೆ, ಹೈದರಾಬಾದಿನಿಂದ 200–350 ಕಿಲೋಮೀಟರ್ ಒಳಗೆ ಎಲ್ಲಾದರೂ ಇರಬಹುದು ಎಂದು ಕೇಂದ್ರದವರು ಪ್ರಕಟಣೆ ಕೊಡುತ್ತಾರೆ. ನಕಾಶೆಯಲ್ಲಿ ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಗೆರೆ ಎಳೆಯಿರಿ: ಬೀದರ್, ಕಮಲಾಪುರ, ಆಳಂದ ಎಲ್ಲ ಅದರ ಆಸುಪಾಸಿನಲ್ಲೇ ಇವೆ. ತೊಗರಿ ರಾಶಿ ನಡೆಯುವ, ಬಿಳಿಜೋಳ ತೆನೆ ಹಿಡಿಯುವ ಚಳಿಗಾಲವೇ ಹಾರಾಟದ ಹಂಗಾಮೂ ಹೌದು.

ಜಲಸಂಗಿಗೆ ಬಂದ ಪೆಟ್ಟಿಗೆಯ ಕೆಲಸ ಏನೇ ಇರಲಿ, ಈ ಕೇಂದ್ರದಿಂದ ಓಝೋನಿನ ಮಟ್ಟಿಗೆ ನಡೆದ ಕೆಲಸ ದೊಡ್ಡದು. 1980ರ ದಶಕದ ಭಾರತೀಯ ಮಧ್ಯ ವಾಯುಮಂಡಲ ಕಾರ್ಯಕ್ರಮದಲ್ಲಿ ಸೂರ್ಯನ ಕಡೆ ತಾನೇ ತಿರುಗುವ ಬೆಳಕಿನ ಮಾಪಕಗಳು ಹಾರಿದವು. 1987ರಲ್ಲಿ, ಮತ್ತೆ 1990ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರೊಂದಿಗೆ ಸೇರಿ, ಅತಿಶೀತದ ಉಕ್ಕಿನ ಬುಡ್ಡಿಗಳಲ್ಲಿ ಸ್ತರಗೋಳದ ಗಾಳಿಯನ್ನೇ ಹಿಡಿದು ತಂದು ಅದರಲ್ಲಿ ಕ್ಲೋರೋಫ್ಲೋರೋಕಾರ್ಬನ್ ಎಷ್ಟಿದೆ ಎಂದು ನೋಡಿದರು. 2014ರಿಂದಾಚೆಗೆ ಇಸ್ರೋ ಮತ್ತು ನಾಸಾ ಜೊತೆಗೂಡಿ ನಡೆಸಿದ ‘ಬಟಾಲ್’ ಅಭಿಯಾನದಲ್ಲಿ ಮುಂಗಾರಿನ ಕಾಲದಲ್ಲಿ ಹೈದರಾಬಾದಿನಿಂದ ಚಿಕ್ಕ ಬಲೂನುಗಳು ಏರಿದವು. ಏಷ್ಯಾದ ಮುಂಗಾರು ಮೋಡಗಳು ಎತ್ತಿ ಒಯ್ದ ಹೊಗೆ, ಧೂಳು 13–18 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರವಾಗಿ ನಿಲ್ಲುತ್ತದೆ ಎಂದು ಉಪಗ್ರಹಗಳು ಹೇಳಿದ್ದವು. ಅದನ್ನು ಅಲ್ಲೇ ಹೋಗಿ ಮುಟ್ಟಿ ನೋಡಿದ್ದು ಈ ಬಲೂನುಗಳು.

ಅಂಥ ಬಲೂನಿನಲ್ಲಿ ಓಝೋನ್ ಅಳೆಯುವ ಪೆಟ್ಟಿಗೆಯ ಒಳಗೆ ನಡೆಯುವುದು ಶಾಲೆಯ ರಸಾಯನಶಾಸ್ತ್ರ. ಪೊಟ್ಯಾಸಿಯಂ ಅಯೋಡೈಡ್ ದ್ರಾವಣದೊಳಗೆ ಪುಟ್ಟ ಪಂಪು ಹೊರಗಿನ ಗಾಳಿಯನ್ನು ಊದುತ್ತದೆ. ಓಝೋನ್ ತಾಕಿದರೆ ಅಯೋಡಿನ್ ಬಿಡುಗಡೆಯಾಗುತ್ತದೆ, ಒಂದು ಓಝೋನ್ ಅಣುವಿಗೆ ಎರಡು ಎಲೆಕ್ಟ್ರಾನುಗಳ ಲೆಕ್ಕದಲ್ಲಿ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತನ್ನು ರೇಡಿಯೋ ಮೂಲಕ ಕೆಳಗೆ ಕಳಿಸುತ್ತ ಬಲೂನು ಏರುತ್ತದೆ, ಸುಮಾರು 30–35 ಕಿಲೋಮೀಟರಿನಲ್ಲಿ ಒಡೆಯುತ್ತದೆ. ಬೆಳಕಿನ ಗೊಡವೆಯೇ ಇಲ್ಲದ ಈ ಅಳತೆ ನೇರಳಾತೀತ ಉಪಗ್ರಹಕ್ಕೆ ಅತ್ಯುತ್ತಮ ಸಾಕ್ಷಿ. ಏಕೆಂದರೆ ಎರಡರ ತಪ್ಪುಗಳು ಬೇರೆ ಬೇರೆ ಜಾತಿಯವು. ಇಬ್ಬರೂ ಒಂದೇ ಅಂಕಿ ಹೇಳಿದರೆ ನಂಬಬಹುದು. ಪುಣೆಯಲ್ಲಿ ಸಿ. ಆರ್. ಶ್ರೀಧರನ್ 1960ರ ದಶಕದಲ್ಲೇ ಇಂಥ ಭಾರತೀಯ ಪೆಟ್ಟಿಗೆಯನ್ನು ಕಟ್ಟಿದ್ದರು. ಹೊಲದಲ್ಲಿ ಸಿಕ್ಕ ಪೆಟ್ಟಿಗೆಯನ್ನು ಬಿಚ್ಚಬೇಡಿ, ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ ಎಂದು ಅದರ ಮೇಲಿನ ಪತ್ರ ಕೇಳಿಕೊಳ್ಳುವುದು ಸುಮ್ಮನೆ ಅಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಅದಕ್ಕಿಂತ ಮಿಗಿಲಾಗಿ, ವರ್ಷಗಳ ಸಿದ್ಧತೆಯ ಅಳತೆ ಒಂದು ಸ್ಕ್ರೂ ತಿರುವಿದ್ದರಲ್ಲಿ ಹಾಳಾಗಬಹುದು.

ಬೆಂಗಳೂರಿನ ಪಾಲನ್ನೂ ಹೇಳಬೇಕು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದರ ಮೂರು ಪ್ರಯೋಗಗಳಲ್ಲಿ ಒಂದು ಮೇಲಿನ ವಾಯುಮಂಡಲದ್ದು. ರಾತ್ರಿಯ ಆಕಾಶದಲ್ಲಿ ಜಲಜನಕ ಚದುರಿಸುವ 121.6 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ನೋಡುವುದು ಅದರ ಕೆಲಸಗಳಲ್ಲಿ ಒಂದು. ನಾಲ್ಕು ದಿನಗಳ ನಂತರ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ನಲವತ್ತು ವರ್ಷದ ಮೇಲೆ, 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಶುದ್ಧ ಕೋಣೆಗಳಲ್ಲಿ ಜೋಡಿಸಿದರು. ಅದು ನಕ್ಷತ್ರ ನೋಡುವ ಉಪಕರಣ, ಆದರೆ ನಿಂಬಸ್-7ರ ಫಲಕವನ್ನು ತಿಂದ ಶತ್ರುವೇ ಇದಕ್ಕೂ ಶತ್ರು. ಹಾಗಾಗಿ ಕಕ್ಷೆ ಸೇರಿದ ಮೇಲೂ ಸುಮಾರು ಎರಡು ತಿಂಗಳು, ಉಪಗ್ರಹದ ಮೈಯ ಆವಿಯೆಲ್ಲ ಹೋಗುವವರೆಗೆ ದೂರದರ್ಶಕದ ಬಾಗಿಲು ಮುಚ್ಚಿಯೇ ಇಟ್ಟರು. ನವೆಂಬರ್ 30ರಂದು ತೆರೆದರು. ಅದಕ್ಕೆ ತಾಳೆಗಲ್ಲಾಗಿ ಆರಿಸಿಕೊಂಡದ್ದು ಎಚ್‌ಜಡ್ 4 ಎಂಬ ಬಿಳಿ ಕುಬ್ಜ ನಕ್ಷತ್ರ. ದಶಕಗಳ ಹಿಂದಿನ ತಪ್ಪಿನಿಂದ ಕಲಿತ ತಾಳ್ಮೆ ಹೊಸಕೋಟೆಗೂ ತಲುಪಿತ್ತು.

ಇಷ್ಟೆಲ್ಲ ಸರಿಯಾದರೂ ಉಪಗ್ರಹದ ಓಝೋನ್ ಅಂಕಿಯಿಂದ ರೋಜಾದ ಮಾಳಿಗೆಯವರೆಗೆ ಕೊನೆಯ ಮೆಟ್ಟಿಲೊಂದು ಉಳಿಯುತ್ತದೆ: ನೆಲದ ಹತ್ತಿರದ ಧೂಳು ಮತ್ತು ಹೊಗೆ. ಉಪಗ್ರಹದ ಲೆಕ್ಕ ಇವುಗಳ ಹೀರುವಿಕೆಯನ್ನು ಸರಿಯಾಗಿ ಹಿಡಿಯದಿದ್ದರೆ ನೆಲಕ್ಕೆ ಬೀಳುವ ನೇರಳಾತೀತವನ್ನು ಇದ್ದದ್ದಕ್ಕಿಂತ ಹೆಚ್ಚು ಎಂದು ಹೇಳುತ್ತದೆ. ಜಗತ್ತಿನ ಹಲವು ಮಲಿನ ನಗರಗಳಲ್ಲಿ ಈ ವ್ಯತ್ಯಾಸ ಹತ್ತು–ಇಪ್ಪತ್ತು ಪ್ರತಿಶತ, ಕೆಲವೆಡೆ ಇನ್ನೂ ಹೆಚ್ಚು ಕಂಡಿದೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್, ರಸ್ತೆ ಧೂಳು, ಹೊಲದಲ್ಲಿ ಸುಡುವ ಕಟ್ಟಿಗೆಯ ಹೊಗೆ ಎಲ್ಲ ಇರುವ ನಮ್ಮ ಜಿಲ್ಲೆಯಲ್ಲಿ ಅದು ಎಷ್ಟು? ಗಾಳಿಯ ಗುಣಮಟ್ಟ ನೋಡುವ ಕೇಂದ್ರಗಳು ಕಲಬುರಗಿಯಲ್ಲಿವೆ. ಅಂಥ ಕೇಂದ್ರಗಳ ಓಝೋನ್ ಪೆಟ್ಟಿಗೆ ಸಾಮಾನ್ಯವಾಗಿ 254 ನ್ಯಾನೋಮೀಟರಿನ ಪುಟ್ಟ ದೀಪವನ್ನು ಬಳಸಿ ಮೂಗಿನ ಮಟ್ಟದ ಓಝೋನನ್ನು ಮಾತ್ರ ಹೇಳುತ್ತದೆ. ಅದು ಬೇರೆಯ ಓಝೋನ್, ಉಸಿರಿಗೆ ಕೆಟ್ಟದ್ದು. ತಲೆಯ ಮೇಲಿನದರ, ಮೈಗೆ ಬೀಳುವ ಕಿರಣದ ಅಳತೆ ಅದರ ಕೆಲಸವಲ್ಲ.

ಆ ಅಳತೆಯನ್ನು ನಾವೇ ಮಾಡಲು ಕೋಟಿಗಟ್ಟಲೆ ರೂಪಾಯಿ ಬೇಕೆಂದು ಹಿಂಜರಿಯುವವರಿಗೆ ಟೆಕ್ಸಾಸಿನ ಫಾರೆಸ್ಟ್ ಮಿಮ್ಸ್ ಅವರ ಕೆಲಸವನ್ನು ನೆನಪಿಸಬೇಕು. ಮಿಮ್ಸ್ ಯಾವ ವಿಶ್ವವಿದ್ಯಾಲಯದವರೂ ಅಲ್ಲ, ಎಲೆಕ್ಟ್ರಾನಿಕ್ಸ್ ಪುಸ್ತಕ ಬರೆದು ಬದುಕುವವರು. 1990ರ ಸುಮಾರಿಗೆ ಅಂಗೈಯಲ್ಲಿ ಹಿಡಿಯುವ ಓಝೋನ್ ಮಾಪಕವನ್ನು ಕೈಯಾರೆ ಕಟ್ಟಿ ತಮ್ಮ ಮನೆಯ ಬಯಲಿನಲ್ಲಿ ನಿಂತು ದಿನವೂ ಸೂರ್ಯನನ್ನು ಅಳೆದರು. ಅವರ ಎರಡು ಮಾಪಕಗಳು ತಮ್ಮತಮ್ಮಲ್ಲಿ ಹೊಂದುತ್ತಿದ್ದವು, ನಿಂಬಸ್-7ರ ಅಂಕಿಯಿಂದ ಮಾತ್ರ ಎರಡೂ ಸರಿಯುತ್ತ ಹೋದವು. ತಪ್ಪು ಉಪಗ್ರಹದ್ದೆಂದು ಆಮೇಲೆ ಖಚಿತವಾಯಿತು. 1993ರಲ್ಲಿ ‘ನೇಚರ್’ ಅವರ ಟಿಪ್ಪಣಿಯನ್ನು ಅಚ್ಚು ಹಾಕಿತು. ಅವರ ಮಾಪಕದ ಮುಂದಿನ ರೂಪವಾದ ಮೈಕ್ರೋಟಾಪ್ಸ್ ಇಂದು ಭಾರತದ ಅನೇಕ ವಿಶ್ವವಿದ್ಯಾಲಯಗಳ ಕಪಾಟಿನಲ್ಲಿದೆ.

ಸುವೋಮಿ ಎನ್‌ಪಿಪಿ, ಸೆಂಟಿನೆಲ್-5ಪಿ ಮುಂತಾದ ಇಂದಿನ ಓಝೋನ್ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು ಒಂದೂವರೆಗೆ. ಆ ಹೊತ್ತಿಗೆ ಗುಲಬರ್ಗಾ ವಿಶ್ವವಿದ್ಯಾಲಯದ ಮಾಳಿಗೆಯ ಮೇಲೆ ಒಬ್ಬರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಒಬ್ಬರು, ಕಮಲಾಪುರದ ಕಾಲೇಜಿನಲ್ಲಿ ಒಬ್ಬರು ಮೋಡವಿಲ್ಲದ ದಿನಗಳಲ್ಲಿ ಹತ್ತು ನಿಮಿಷ ಸೂರ್ಯನ ಕಡೆ ಮಾಪಕ ಹಿಡಿದರೆ ಸಾಕು. ಪಕ್ಕದಲ್ಲಿ ನೆಲಕ್ಕೆ ಬೀಳುವ ಯುವಿ-ಬಿ ಕಿರಣದ ಒಂದು ಮಾಪಕವೂ ಇರಲಿ. ಮೂರೂ ಜಾಗಗಳ ಮಾಪಕಗಳನ್ನು ವರ್ಷಕ್ಕೊಮ್ಮೆ ಒಂದೇ ಮಾಳಿಗೆಗೆ ತಂದು ಒಟ್ಟಿಗೆ ಹಿಡಿದು ನೋಡಬೇಕು. ಅವುಗಳಲ್ಲಿ ಒಂದನ್ನಾದರೂ ಹವಾಮಾನ ಇಲಾಖೆಯ ಡಾಬ್ಸನ್ ಇರುವಲ್ಲಿಗೆ ಒಯ್ದು ಸರಿನೋಡಿಸಿ ತರಬೇಕು. ಚಳಿಗಾಲದ ತಿಳಿ ಆಕಾಶದಿಂದ ಆರಂಭಿಸಿ, ಹೊಲಕ್ಕೆ ಬೆಂಕಿಯಿಡುವ ಬೇಸಿಗೆ ದಾಟಿ, ಮುಂಗಾರು ಬರುವವರೆಗಿನ ಒಂದು ಹಂಗಾಮಿನ ದಾಖಲೆ ಕೈಗೆ ಬಂದರೆ, ಧೂಳಿನ ದಿನ ಮತ್ತು ತಿಳಿ ದಿನಗಳಲ್ಲಿ ಉಪಗ್ರಹದ ಲೆಕ್ಕ ಎಷ್ಟೆಷ್ಟು ತಪ್ಪುತ್ತದೆ ಎಂಬುದನ್ನು ಈ ಜಿಲ್ಲೆಯ ಮಟ್ಟಿಗೆ ಮೊದಲ ಸಲ ಬರೆದಿಡಬಹುದು.